ತಂಗಿಯ ಪರವಾಗಿ ನಾನು ಕೊಟ್ಟ ಉತ್ತರ

ನಾನು ಓದಿದ್ದು ಏಳನೇ ತರಗತಿಯವರೆಗೆ. ಹಾಗಿದ್ದೂ ವಿಜ್ಞಾನದ ಪತ್ರಿಕೆಗಳಲ್ಲಿ ಅಚ್ಚಾದ ಕೆಲವು ಬರಹಗಳಲ್ಲಿ ನನ್ನ ಪಾಲಿದೆ. ಪಾಲು ಎಂದರೆ ಹೆಚ್ಚೇನಿಲ್ಲ, ಅವನ್ನು ಬರೆದ ಡಾಕ್ಟರುಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳನ್ನೆಲ್ಲ ಸುತ್ತಿಸಿದ್ದು. ಬರಹದ ತಲೆಯ ಮೇಲೆ ಅವರ ಹೆಸರುಗಳಿವೆ. ಟೈರು ಬದಲಾಯಿಸಿದವನ ಹೆಸರಿಲ್ಲ. ಅದಕ್ಕೆ ನನಗೆ ಬೇಜಾರೂ ಇಲ್ಲ. ಯಾಕೆಂದರೆ ಆ ಬರಹಗಳಲ್ಲೊಂದರಲ್ಲಿ ನಾನು ಹೇಳಿದ ಸುಳ್ಳೊಂದು ಅಚ್ಚಾಗಿದೆ. ಹೆಸರು ಹಾಕಿದ್ದರೆ ಸಿಕ್ಕಿಬೀಳುತ್ತಿದ್ದೆ.

ಈಗ ಈ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಜೀಪು ಓಡಿಸುವವರು, ಮನೆಮನೆಗೆ ಹೋಗಿ ಕಾಯಿಲೆ ಕಸಾಲೆ ಕೇಳಿ ಬರೆದುಕೊಳ್ಳುವವರು, ಫೋನು ಮಾಡಿ ಕೇಳುವವರು. ಇದು ಅವರಿಗಾಗಿ. ನನ್ನ ಬಡ್ತಿಯ ಕಥೆ ಹೇಳಿ ಅವರ ಹೊತ್ತು ತಿನ್ನುವುದಿಲ್ಲ. ಹಳೆಯ ಜೀಪಿನಿಂದ ಸ್ವಲ್ಪ ಕಡಿಮೆ ಹಳೆಯ ಜೀಪಿಗೆ ಹೋದೆ, ಅಷ್ಟೇ.

ಕೋವಿಡ್ ಬಂದು ಹೋದ ಮೇಲೂ ಕೆಲವರನ್ನು ಸುಸ್ತು, ಉಬ್ಬಸ, ಮರೆವು ತಿಂಗಳುಗಟ್ಟಲೆ ಬಿಡದೆ ಕಾಡುತ್ತದಲ್ಲ, ಅದಕ್ಕೆ ಲಾಂಗ್ ಕೋವಿಡ್ ಎನ್ನುತ್ತಾರೆ. ಈ ಹೆಸರಿಟ್ಟವರು ಡಾಕ್ಟರುಗಳಲ್ಲವಂತೆ. ಕಾಯಿಲೆಯವರೇ ಒಬ್ಬರಿಗೊಬ್ಬರು ಹೇಳಿಕೊಂಡು ಇಟ್ಟುಕೊಂಡದ್ದು, ಡಾಕ್ಟರುಗಳು ಆಮೇಲೆ ಒಪ್ಪಿಕೊಂಡದ್ದು. ನಮ್ಮ ತಂಡ ಹಳ್ಳಿಗಳಲ್ಲಿ ವಿಚಾರಿಸುತ್ತಿದ್ದದ್ದು ಈ ಕಾಯಿಲೆಯನ್ನೇ.

ತಂಡದ ಯಜಮಾನಿ ವಸುಧಾ ಮೇಡಂ. ಮುಂದಿನ ಸೀಟು ಅವರದು. ನಾಗಮಂಗಲದ ಕಡೆಯ ಹೊಂಡಗಳಲ್ಲಿ ಜೀಪು ಕುಣಿಯುತ್ತಿದ್ದರೂ ಅವರು ಯಾವುದಾದರೊಂದು ಪೇಪರು ಓದುತ್ತಿದ್ದರು. ಪೇಪರು ಎಂದರೆ ಸುದ್ದಿಯ ಪೇಪರಲ್ಲ, ಸಂಶೋಧನೆ ಮಾಡಿದವರು ಬರೆದು ಅಚ್ಚು ಹಾಕಿಸಿದ ಬರಹ. ಹಿಂದಿನ ಸೀಟಿನಲ್ಲಿ ಪ್ರಣವ್ ಡಾಕ್ಟರು. ಆಗತಾನೆ ಓದು ಮುಗಿಸಿ ಬಂದವರು, ಬಿಳಿ ಶೂ ಹಾಕಿಕೊಂಡು ದನದ ಕೊಟ್ಟಿಗೆಗೆ ನುಗ್ಗುವಷ್ಟು ಒಳ್ಳೆಯವರು.

ಶುರುವಿನಲ್ಲಿ ಎಲ್ಲರ ಕಣ್ಣೂ ಶ್ವಾಸಕೋಶದ ಮೇಲಿತ್ತು. ಕೆಮ್ಮು ಇದೆಯಾ, ಏದುಸಿರು ಇದೆಯಾ, ವಾಸನೆ ಬರುತ್ತಾ, ಇಷ್ಟೇ ಪ್ರಶ್ನೆ. ಅದೂ ಆಸ್ಪತ್ರೆ ಸೇರಿ ಬಂದವರನ್ನು ಮಾತ್ರ ಕೇಳುವುದು. ವಾಸನೆ ನೋಡಲೆಂದು ಪ್ರಣವ್ ಸಣ್ಣ ಸಣ್ಣ ಬಾಟಲಿಗಳಲ್ಲಿ ಕಾಫಿಪುಡಿ, ಲವಂಗ, ನಿಂಬೆಸಿಪ್ಪೆ ತರುತ್ತಿದ್ದರು. ನಾಗಮಂಗಲದ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಮುದುಕರ ಮೂಗಿಗೆ ಒಂದೊಂದೇ ಬಾಟಲಿ ಹಿಡಿದರು.

"ಇದು ಏನ್ ವಾಸನೆ ತಾತ?"

"ಏನೂ ಇಲ್ಲ ಕಣಪ್ಪ."

"ಇದು?"

"ಇದೂವೆ ಇಲ್ಲ."

ಪ್ರಣವ್ ಮುಖ ಅರಳಿತು. ಕಾಯಿಲೆ ಸಿಕ್ಕಿದರೆ ಹಿಗ್ಗುವವರು ಸಂಶೋಧನೆ ಮಾಡುವವರೊಬ್ಬರೇ ಎಂದು ಆವತ್ತು ನನಗೆ ತಿಳಿಯಿತು. "ಯಾವಾಗಿಂದ ತಾತ ವಾಸನೆ ಹೋಗಿದ್ದು?" ಎಂದು ಬರೆದುಕೊಳ್ಳಲು ಕೂತರು.

"ನಸ್ಯ ಏರ್ಸಾಕೆ ಸುರು ಮಾಡ್ದಾಗಿಂದ. ನಮ್ಮಪ್ಪ ಬದುಕಿದ್ದ ಆಗ. ಯಾಕಪ್ಪ, ಔಸ್ತಿ ಅದಾ ಇದ್ಕೆ?"

ಒಳಗಿನಿಂದ ಅವರ ಹೆಂಡತಿ ಕೂಗಿದರು: "ಔಸ್ತಿ ಗಿವ್ಸ್ತಿ ಬ್ಯಾಡ ಬುಡಿ ಸ್ವಾಮಿ. ವಾಸ್ನೆ ಬಂದ್ಬುಟ್ರೆ ನನ್ ಸಾರಿನ್ ಮೇಲೆ ಎಗರ್ತಾನೆ."

ಮೇಡಂ ಆ ಊರಿನ ಗಡಿ ದಾಟುವವರೆಗೂ ನಕ್ಕರು. ಮುಂದಿನ ಸಲ ಪ್ರಶ್ನೆಪತ್ರಿಕೆಯಲ್ಲಿ ನಸ್ಯದ ಬಗ್ಗೆ ಒಂದು ಸಾಲು ಸೇರಿತು. ಹೀಗೆ ಒಂದೊಂದು ಎಡವಟ್ಟಿಗೆ ಒಂದೊಂದು ಸಾಲು ಸೇರಿ ಆ ಪತ್ರಿಕೆ ಕೊನೆಗೆ ಮದುವೆ ಆಲ್ಬಮ್ಮಿನಷ್ಟು ದಪ್ಪವಾಯಿತು.

ದೊಡ್ಡ ಎಡವಟ್ಟು ಆದದ್ದು ಕೆ.ಆರ್. ಪೇಟೆಯ ಕಡೆ. ನಮ್ಮ ಜನರ ಒಂದು ಅಭ್ಯಾಸ ನಿಮಗೆ ಗೊತ್ತಿರಬೇಕು. ಮನೆಗೆ ಬಂದವರು "ಹೇಗಿದ್ದೀರಿ" ಎಂದರೆ "ಚೆನ್ನಾಗಿದ್ದೀವಿ" ಎನ್ನುವುದು. ಜ್ವರದಲ್ಲಿ ನಡುಗುತ್ತಿದ್ದರೂ ಅಷ್ಟೇ. ಬಂದವರಿಗೆ ಇನ್ನೂ ಕಾಫಿ ಕೊಟ್ಟಿಲ್ಲ, ಅಷ್ಟರಲ್ಲೇ ನಮ್ಮ ನೋವು ಬಿಚ್ಚಿದರೆ ಏನು ಮರ್ಯಾದೆ? ಪ್ರಣವ್ ಹೊಸಲು ದಾಟುವ ಮೊದಲೇ ಕೇಳಿಬಿಡುತ್ತಿದ್ದರು. ಎಲ್ಲರೂ ಚೆನ್ನಾಗಿದ್ದರು. ಒಂದು ಇಡೀ ಊರೇ ಚೆನ್ನಾಗಿತ್ತು. ಪ್ರಣವ್ ಎಲ್ಲ ಬರೆದುಕೊಂಡು ಜೀಪು ಹತ್ತುವಾಗ ಹಾಲಿನ ಕ್ಯಾನು ಹಿಡಿದ ಒಬ್ಬ ಹೆಂಗಸು ನನ್ನ ಕಿಟಕಿಗೆ ಬಂದರು. ಅವರೂ ಒಳಗೆ ಚೆನ್ನಾಗಿದ್ದವರೇ.

"ಡ್ರೈವರಣ್ಣ, ನಿಮ್ ಡಾಕ್ಟ್ರು ಕೇಳುದ್ರು, ನಾನೂ ಚೆನ್ನಾಗಿವ್ನಿ ಅಂದೆ. ಹಾಲು ಕರಿಯಾಕೆ ಕುಂತ್ರೆ ಕೈ ಸೋತೋಯ್ತದೆ ಕಣಣ್ಣ. ನಡುಮಧ್ಯ ಎದ್ದು ಗ್ವಾಡೆಗೆ ಒರಗ್ತೀನಿ. ಹಸಾನೂ ಬೇಜಾರ್ ಮಾಡ್ಕೊತದೆ."

ತಲೆಯಾಡಿಸಿದೆ. ಪಕ್ಕದಲ್ಲಿದ್ದ ಮೇಡಂ ಇದನ್ನು ಕೇಳಿಸಿಕೊಂಡು ಪೇಪರು ಮಡಚಿಟ್ಟರು. "ಪ್ರಣವ್, ಇಳೀರಿ. ಈ ಊರನ್ನ ಇನ್ನೊಂದ್ಸಲ ಮಾಡೋಣ" ಎಂದರು. ಆವತ್ತಿನಿಂದ ಕೇಳುವ ಕ್ರಮವೇ ಬದಲಾಯಿತು. ಮೊದಲು ಕಾಫಿ ಕುಡಿಯಬೇಕು. ಹೇಗಿದ್ದೀರಿ ಎಂದು ಕೇಳಲೇಬಾರದು, ಕೆಲಸದ ವಿಷಯ ಕೇಳಬೇಕು. ಹಾಲು ಕರೆಯುವಾಗ ನಡುವೆ ಏಳುತ್ತೀರಾ, ಹೊಲಕ್ಕೆ ಹೋಗುವ ದಾರಿಯಲ್ಲಿ ಮೊದಲು ಕೂರದಿದ್ದ ಕಡೆ ಈಗ ಕೂರುತ್ತೀರಾ, ಒಲೆಯ ಮೇಲೆ ಇಟ್ಟದ್ದು ಮರೆಯುತ್ತೀರಾ. ಆಗ ಬಾಯಿ ಬಿಟ್ಟರು ನೋಡಿ. ಕಾಯಿಲೆ ಎಂದರೆ ಇಲ್ಲ ಎನ್ನುವವರು ಕೆಲಸ ಎಂದರೆ ಅಳುತ್ತಿದ್ದರು.

ಮೇಡಂ ಇನ್ನೊಂದು ಕಟ್ಟಳೆ ಹಾಕಿದರು. ಮೈ ಯಾರದೋ ಉತ್ತರ ಅವರದೇ ಆಗಬೇಕು. ನಮ್ಮಲ್ಲಿ ಹೆಂಗಸರನ್ನು ಕೇಳಿದರೆ ಗಂಡ ಹೇಳುತ್ತಾನೆ, ಗಂಡ ಇಲ್ಲದಿದ್ದರೆ ಮಗ, ಮಗನೂ ಇಲ್ಲದಿದ್ದರೆ ಪಕ್ಕದ ಮನೆಯವನು ಪಂಚೆ ಸರಿಮಾಡಿಕೊಂಡು ಬರುತ್ತಾನೆ. "ನಮ್ಮೋಳ್ಗೇನಾಗದೆ, ಗುಂಡ್ಕಲ್ ಇದ್ದಂಗವ್ಳೆ" ಎಂದು ಒಬ್ಬ ಯಜಮಾನ ಹೇಳುತ್ತಿರುವಾಗಲೇ ಅವನ ಗುಂಡುಕಲ್ಲು ಬಾಗಿಲಿಗೆ ಒರಗಿ ಉಸಿರು ಹಿಡಿದುಕೊಳ್ಳುತ್ತಿತ್ತು. ಅಂಥವರನ್ನು ಮಾತಿಗೆ ಎಳೆದು ಆಚೆ ಕರೆದುಕೊಂಡು ಬರುವುದು ನನ್ನ ಪಾಲಿಗೆ ಬಂತು. ಜೀಪಿನ ಬಾನೆಟ್ಟು ಎತ್ತಿ "ಇಂಜಿನ್ನು ಯಾಕೋ ಸೌಂಡು ಮಾಡ್ತದೆ, ಒಸಿ ನೋಡಿ ಯಜಮಾನ್ರೆ" ಎಂದರೆ ಸಾಕು, ಊರಿನ ಗಂಡಸರೆಲ್ಲ ಮೆಕ್ಯಾನಿಕ್ಕುಗಳಾಗಿಬಿಡುತ್ತಿದ್ದರು. ಒಳಗೆ ಹೆಂಗಸರು ನಿರಾಳವಾಗಿ ಮಾತಾಡುತ್ತಿದ್ದರು. ನಮ್ಮ ಜೊತೆ ಹಳ್ಳಿಗೆ ಬಂದು ಬರೆದುಕೊಳ್ಳುತ್ತಿದ್ದ ಹೊಸ ಹುಡುಗಿಯರಿಗೆ ಈ ಕಟ್ಟಳೆಯನ್ನು ನಾನೇ ಬಾಯಿಪಾಠ ಮಾಡಿಸುತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದಲ್ಲ.

ಅಷ್ಟರಲ್ಲಿ ಪೇಪರುಗಳ ದಿಕ್ಕೂ ತಿರುಗುತ್ತಿತ್ತು. ಮೇಡಂ ಜೋರಾಗಿ ಓದಿ ಪ್ರಣವ್‌ಗೆ ಹೇಳುತ್ತಿದ್ದರು, ನನ್ನ ಕಿವಿಗೂ ಬೀಳುತ್ತಿತ್ತು. ಒಂದು ಕಾಲಕ್ಕೆ ಎಲ್ಲರೂ ಶ್ವಾಸಕೋಶದ ಬಗ್ಗೆ ಬರೆದರು. ಆಮೇಲೆ ಎಲ್ಲರೂ ತಲೆಗೆ ಹತ್ತಿದರು. ಮರೆವು, ಮಂಕು, ನಿದ್ದೆ ಬಾರದ್ದು. ಆಮೇಲೆ ಹೃದಯ, ಆಮೇಲೆ ರಕ್ತ ಹೆಪ್ಪುಗಟ್ಟುವುದು, ಆಮೇಲೆ ಕರುಳು. ವೈರಸ್ಸು ಮೈಯೊಳಗೆ ಎಲ್ಲೆಲ್ಲಿ ಅಡಗಿ ಕೂತಿದೆಯೋ ಎಂದು ಹುಡುಕುವವರು ಕೆಲವರು, ಅದು ಹೋಗಿದೆ, ಮೈಯೇ ತನ್ನ ಮೇಲೆ ತಾನು ಜಗಳ ಆಡುತ್ತಿದೆ ಎನ್ನುವವರು ಕೆಲವರು. ಆಸ್ಪತ್ರೆ ಸೇರದೆ ಮನೆಯಲ್ಲೇ ಮಲಗೆದ್ದವರಿಗೂ ಇದು ಬರುತ್ತದೆ ಎಂದು ಬರೆದರು. ಹೆಂಗಸರಲ್ಲಿ ಹೆಚ್ಚು ಎಂದು ಬರೆದರು. ಯಾರನ್ನು ಲಾಂಗ್ ಕೋವಿಡ್ಡಿನವರು ಎನ್ನಬೇಕು ಎನ್ನುವುದರ ಮೇಲೇ ಒಂದು ರಾಶಿ ಪೇಪರು ಬಂದವು. ಬೆಳಿಗ್ಗೆ ಜೀಪು ಸ್ಟಾರ್ಟು ಮಾಡುವಾಗ ನಾನು ಕೇಳುತ್ತಿದ್ದೆ:

"ಇವತ್ತು ಯಾವ್ ಭಾಗ ಮೇಡಂ?"

"ಇವತ್ತು ಕರುಳು ಕಿಟ್ಟಣ್ಣ."

"ಮೊಣಕಾಲಿಗೆ ಯಾವಾಗ ಬತ್ತಾರೆ? ನಂದೊಸಿ ನೋಯ್ತದೆ."

ಎಲ್ಲ ಪೇಪರುಗಳ ಕೊನೆಯ ಸಾಲು ಮಾತ್ರ ಒಂದೇ ಎಂದು ಪ್ರಣವ್ ತಮಾಷೆ ಮಾಡುತ್ತಿದ್ದರು. ಇನ್ನೂ ಸಂಶೋಧನೆ ಆಗಬೇಕು. ನಮ್ಮ ಗ್ಯಾರೇಜಿನ ಮಾತೂ ಅದೇ ಅಲ್ಲವೇ, ಇನ್ನೂ ಬಿಚ್ಚಿ ನೋಡಬೇಕು.

ಆದರೆ ತಲೆಯ ಮಂಕು ಎಂದರೇನು ಎಂದು ನನಗೆ ತಿಳಿಸಿದ್ದು ಪೇಪರಲ್ಲ, ಶ್ರೀರಂಗಪಟ್ಟಣದ ಒಬ್ಬ ಅರ್ಚಕರು. ಮೃದುವಾದ ಮನುಷ್ಯ. ಮೇಡಂ ಏನೂ ಕೇಳುವ ಮೊದಲೇ ಅವರೇ ಹೇಳಿದರು: "ದಿನಾ ಹೇಳೋ ಮಂತ್ರ ತಾಯಿ. ಮಧ್ಯದಲ್ಲಿ ಮುಂದಿನ ಸಾಲು ಬರೋದೇ ಇಲ್ಲ. ಗಂಟೆ ಜೋರಾಗಿ ಬಾರಿಸಿಬಿಡ್ತೀನಿ. ಭಕ್ತರಿಗೆ ಗೊತ್ತಾಗೋಲ್ಲ. ದೇವರಿಗೆ ಗೊತ್ತಾಗುತ್ತೆ, ಪಾಪ, ಸುಮ್ಮನಿರ್ತಾನೆ." ನಾವೆಲ್ಲ ನಕ್ಕೆವು, ಅವರೂ ನಕ್ಕರು. ಆಚೆ ಬಂದಾಗ ಗಂಟೆಯ ಸದ್ದು ಕೇಳಿತು. ಆಗ ಯಾರೂ ನಗಲಿಲ್ಲ.

ನನಗೆ ಆ ಹೊತ್ತಿಗೆ ನನ್ನ ತಂಗಿ ನೆನಪಾಗಬೇಕಿತ್ತು. ನೆನಪಾದಳು. ತಳ್ಳಿಬಿಟ್ಟೆ.

ತಂಗಿ ಚೆಲುವಮ್ಮನನ್ನು ಕೊಟ್ಟಿರುವುದು ತೊಣ್ಣೂರಿನ ಕೆರೆಯ ಆಚೆಯ ಊರಿಗೆ. ಗಂಡ ವ್ಯವಸಾಯ, ಮಗಳು ಹೈಸ್ಕೂಲು. ಇವಳು ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಯವಳು. ಅವಳ ಸಾರಿನ ಘಮ ಬಂದರೆ ಮೇಷ್ಟ್ರುಗಳೂ ಗಂಟೆ ಹೊಡೆಯುವುದಕ್ಕೆ ಮೊದಲೇ ಎದ್ದು ನಿಲ್ಲುತ್ತಿದ್ದರು. ಕೋವಿಡ್ಡಿನ ಎರಡನೇ ಅಲೆಯಲ್ಲಿ ನಾನು ಕಾಯಿಲೆಯವರನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದೆ. ಪಾಂಡವಪುರದ ನಮ್ಮ ಮನೆಯಿಂದ ಹೆಂಡತಿ ಮಕ್ಕಳನ್ನು ಮುಂಚೆಯೇ ಅವಳ ತವರಿಗೆ ಕಳಿಸಿದ್ದೆ. ಅವರಿಗೆ ಏನೂ ಆಗಬಾರದು ಎನ್ನುವ ಬುದ್ಧಿ ನನಗಿತ್ತು. ಹೋಟೆಲುಗಳೆಲ್ಲ ಮುಚ್ಚಿದ್ದವು. ಒಂದು ಮಧ್ಯಾಹ್ನ ಹಸಿವು ತಡೆಯದೆ ತಂಗಿಯ ಮನೆಯ ಮುಂದೆ ಜೀಪು ನಿಲ್ಲಿಸಿದೆ.

"ಜಗಲಿ ಮೇಲೆ ಮಡಗಮ್ಮಿ, ಆಚೇಲೇ ತಿಂದ್ಕೊಂಡ್ ಓಯ್ತೀನಿ" ಎಂದೆ.

"ನೀನೇನ್ ಭಿಕ್ಸಕ್ ಬಂದಿದ್ದೀಯಾ? ಒಳಕ್ ಬಾರಣ್ಣ."

ಆಚೆಯೇ ಕೂರಬಹುದಿತ್ತು. ಒಳಗಿನಿಂದ ಹುರುಳಿಕಾಳು ಬಸ್ಸಾರಿನ ವಾಸನೆ ಬಂತು. ಹೋದೆ. ಮಾಸ್ಕು ತೆಗೆದೆ. ಅವಳು ಎದುರು ಕೂತು ಮುದ್ದೆ ಮುರಿದು ಹಾಕಿ, ಇನ್ನೊಂದು ತಿನ್ನು ಎಂದು ಬಲವಂತ ಮಾಡಿದಳು. ಮಾರನೆಯ ದಿನ ನನಗೆ ಗಂಟಲು ಕೆರೆತ, ಅದಾದ ಸ್ವಲ್ಪ ದಿನಕ್ಕೆ ಅವಳಿಗೆ ಜ್ವರ. ನಾನು ಬೇಗ ಎದ್ದು ಓಡಾಡಿದೆ. ಅವಳೂ ಎದ್ದಳು, ಆದರೆ ಮೊದಲಿನ ಚೆಲುವಮ್ಮ ಏಳಲಿಲ್ಲ.

ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿ ಮಕ್ಕಳು ತಟ್ಟೆ ಬಿಟ್ಟು ಎದ್ದರು. ಹೆಡ್‌ಮೇಡಂ ಬೈದರು. ನಾನೂ ಹೋದಾಗಲೆಲ್ಲ ರೇಗಿಸುತ್ತಿದ್ದೆ: "ಏನಮ್ಮಿ, ಮಾರಾಣಿ ಮಲಗವ್ಳೋ, ಎದ್ದವ್ಳೋ?" ಅವಳೂ ಮೊದಮೊದಲು "ಎದ್ದವ್ಳೆ, ಚಾಮರ ಬೀಸು" ಎನ್ನುತ್ತಿದ್ದಳು. ಆಮೇಲಾಮೇಲೆ ಸುಮ್ಮನಾದಳು. ನನ್ನ ಬಾಯಿ ಸುಮ್ಮನಾಗಲಿಲ್ಲ. ಸೋಮಾರಿ ಎಂದೆ, ಒಂದು ಸಲವಲ್ಲ. ಯಾಕೆ ಅಷ್ಟು ಅನ್ನುತ್ತಿದ್ದೆ ಎಂದು ಈಗ ಹೇಳಬಲ್ಲೆ. ಅವಳದು ಸೋಮಾರಿತನವಾದರೆ ಅದು ಅವಳದು. ಕಾಯಿಲೆಯಾದರೆ ಅದು ನಾನು ತಂದುಕೊಟ್ಟದ್ದು.

ನಮ್ಮ ತಂಡ ಆ ಊರಿಗೂ ಬಂದು, ಪ್ರಣವ್ ಅವಳನ್ನು ಮಾತಾಡಿಸಿ ಸೇರಿಸಿಕೊಂಡರು. ನಾನು ಆವತ್ತು ಜೀಪಿನಿಂದ ಇಳಿಯಲಿಲ್ಲ. ಅವಳು ನನ್ನ ತಂಗಿ ಎಂದೂ ಹೇಳಲಿಲ್ಲ. ಫೋನು ನಂಬರು ಕೇಳಿದಾಗ ಅವಳು ನನ್ನದನ್ನು ಕೊಟ್ಟಳಂತೆ. ಅವಳ ಫೋನು ಮಗಳ ಆನ್‌ಲೈನ್ ಟ್ಯೂಷನ್ನಿಗೆ ಹೋಗಿತ್ತು. ಅಲ್ಲದೆ ನಮ್ಮ ಕಡೆಯ ಹೆಂಗಸರನ್ನು ನಂಬರು ಕೇಳಿ ನೋಡಿ, ಗಂಡನದೋ ಅಣ್ಣನದೋ ಬಾಯಿಗೆ ಬರುತ್ತದೆ, ತಮ್ಮದು ಬರುವುದಿಲ್ಲ.

ಕೆಲವು ತಿಂಗಳಾದ ಮೇಲೆ ತಂಡದವರು ಸೇರಿಸಿಕೊಂಡವರಿಗೆಲ್ಲ ಫೋನು ಮಾಡಿ ವಿಚಾರಿಸುವ ಪದ್ಧತಿ ಶುರುವಾಯಿತು. ಒಂದು ದಿನ ನಾನು ಬೆಳಗೊಳದ ಹತ್ತಿರ ಜೀಪು ನಿಲ್ಲಿಸಿ ಟೀ ಕುಡಿಯುತ್ತಿದ್ದೆ. ಮೇಡಂ, ಪ್ರಣವ್ ಮನೆಗಳೊಳಗಿದ್ದರು. ಫೋನು ಬಂತು. ಫೋನು ಮಾಡಲೆಂದೇ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯ ದನಿ. ಅವಳಿಗೆ ನಾನು ಯಾರೆಂದು ಗೊತ್ತಿಲ್ಲ.

"ಚೆಲುವಮ್ಮನವರಿಗೆ ಕೊಡ್ತೀರಾ ಸರ್?"

"ಅವ್ಳು ಕೆಲಸ್ದಲ್ಲವ್ಳೆ. ನಾನು ಅವ್ಳ ಅಣ್ಣ. ಅದೇನ್ ಕೇಳವ್ವ."

"ಅವರೇ ಹೇಳ್ಬೇಕು ಸರ್. ಆಮೇಲೆ ಮಾಡ್ಲಾ?"

"ಅಣ್ಣಂಗ್ ಗೊತ್ತಿಲ್ವಾ ತಂಗಿ ವಿಸ್ಯ? ಚೆನ್ನಾಗವ್ಳೆ. ಬರ್ಕೊ."

"ಸುಸ್ತು ಇದೆಯಾ?"

"ಇಲ್ಲ."

"ಏದುಸಿರು?"

"ಅದೂ ಇಲ್ಲ."

"ಮರೆವು ಏನಾದ್ರೂ?"

"ಅದು ಉಟ್ದಾಗಿಂದ ಅದೆ ಬುಡವ್ವ."

ಹುಡುಗಿ ಕಿಸಕ್ಕೆಂದು ನಕ್ಕಳು. ನಾನೂ ನಕ್ಕೆ. ಫೋನಿಟ್ಟು ಟೀ ಮುಗಿಸಿದೆ. ನಿಜ ಹೇಳಬೇಕೆಂದರೆ ಎದೆ ಹಗುರವಾಯಿತು. ತಂಗಿ ಗುಣವಾಗಿದ್ದಾಳೆ ಎಂದು ಇನ್ನೊಬ್ಬರು ಬರೆದುಕೊಂಡರಲ್ಲ, ನನ್ನ ತಲೆಯ ಮೇಲಿನದು ಇಳಿಯಿತು ಎನಿಸಿತು.

ಆ ಸಮಯದಲ್ಲಿ ಡಾಕ್ಟರುಗಳು ಸುಸ್ತಿನವರಿಗೆಲ್ಲ ನಡೆಯಿರಿ, ದಿನದಿನಕ್ಕೆ ಸ್ವಲ್ಪ ಹೆಚ್ಚು ನಡೆಯಿರಿ ಎನ್ನುತ್ತಿದ್ದರು. ನಾನು ಅದನ್ನು ಕೇಳಿಕೊಂಡು ರಜೆಯ ದಿನ ತಂಗಿಯ ಮನೆಗೆ ಹೋಗಿ ಅವಳನ್ನು ಕೆರೆ ಏರಿಯ ಮೇಲೆ ನಡೆಸತೊಡಗಿದೆ. "ಡಾಕ್ಟ್ರೇ ಯೋಳವ್ರೆ ಕಣಮ್ಮಿ, ನಡಿ." ಅಣ್ಣನ ಮಾತು ಮೀರಬಾರದೆಂದು ನಡೆದಳು. ನಡೆದ ದಿನ ಹೇಗೋ ಇರುತ್ತಿದ್ದಳು, ಮಾರನೆಯ ದಿನ ಹಾಸಿಗೆ ಬಿಡುತ್ತಿರಲಿಲ್ಲ. ಶಾಲೆಗೆ ಹೋಗಲಾಗದೆ ಗಂಡನ ಕೈಲಿ ಹೇಳಿ ಕಳಿಸುತ್ತಿದ್ದಳು. "ಒಂದಿನ ನಡೆಯೋದು, ಆಮ್ಯಾಕೆ ಮಲಗೋದು, ಒಳ್ಳೆ ಯಾಪಾರ ಕಣಮ್ಮಿ ನಿಂದು" ಎಂದು ಅದಕ್ಕೂ ನಕ್ಕೆ.

ಒಂದು ದಿನ ಜೀಪಿನಲ್ಲಿ ಮೇಡಂ ಓದಿ ಹೇಳುತ್ತಿದ್ದರು. ಈಗ ಬರುತ್ತಿರುವ ಪೇಪರುಗಳು ಬೇರೆ ಮಾತು ಹೇಳುತ್ತಿವೆ, ಇಂಥವರಲ್ಲಿ ಹಲವರು ಶಕ್ತಿ ಮೀರಿ ಕೆಲಸ ಮಾಡಿದರೆ ಮರುದಿನ ಇನ್ನೂ ಕುಸಿಯುತ್ತಾರೆ, ಬಲವಂತ ಮಾಡಬಾರದು, ಕೆಲಸವನ್ನು ತುಂಡು ತುಂಡು ಮಾಡಿಕೊಂಡು ನಡುನಡುವೆ ವಿಶ್ರಾಂತಿ ಕೊಡಬೇಕು. "ನಾವೂ ತಪ್ಪು ಹೇಳ್ತಿದ್ವಿ ಪ್ರಣವ್, ಎಲ್ಲರಿಗೂ ಒಂದೇ ಮಾತು ಹೇಳಿದ್ವಿ. ಕ್ಲಿನಿಕ್ಕಿಗೆ ಬರೋರಿಗೆ ಮೊದಲು ಇದನ್ನ ತಿಳಿಸ್ಬೇಕು" ಎಂದರು. ನನ್ನ ಕೈ ಗೇರಿನ ಮೇಲೆ ತಪ್ಪಿ ಜೀಪು ಕಿರುಚಿತು. "ಇಂಜಿನ್ನಾ ಕಿಟ್ಟಣ್ಣ?" ಎಂದರು ಮೇಡಂ. "ಹೂಂ ಮೇಡಂ" ಎಂದೆ.

ಫೋನಿನಲ್ಲಿ ಇನ್ನೂ ಕಾಯಿಲೆಯಿದೆ ಎಂದವರನ್ನು ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಕರೆಸಿ ಇದನ್ನೆಲ್ಲ ಹೇಳಿಕೊಡುತ್ತಿದ್ದರು. ಮನೆಯವರನ್ನೂ ಕೂರಿಸಿ, ಇದು ಸೋಮಾರಿತನ ಅಲ್ಲ ಎಂದು ಬಿಡಿಸಿ ಹೇಳುತ್ತಿದ್ದರು. ಗುಣವಾದವರನ್ನು ಯಾಕೆ ಕರೆಯುತ್ತಾರೆ? ಚೆಲುವಮ್ಮನನ್ನು ಕರೆಯಲಿಲ್ಲ. ಕೆರೆ ಏರಿಯ ಮೇಲೆ ನಡೆಸುವುದನ್ನು ನಾನು ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ ಎಂದು ಮಾತ್ರ ಹೇಳಲಿಲ್ಲ.

ಆಮೇಲೆ ನಮ್ಮ ತಂಡದ ಪೇಪರು ಅಚ್ಚಾಯಿತು. ಪ್ರಣವ್ ಮೈಸೂರುಪಾಕು ಹಂಚಿದರು. ಬಣ್ಣಬಣ್ಣದ ತುಂಡುಗಳಾಗಿ ಕೊಯ್ದ ಒಂದು ಚಕ್ರದ ಚಿತ್ರವನ್ನು ತಮ್ಮ ಫೋನಿನಲ್ಲಿ ತೋರಿಸಿದರು. "ಕೆಂಪು ಅಂದ್ರೆ ಹಾಗೇ ಇರೋರು, ಹಳದಿ ಅಂದ್ರೆ ಅರ್ಧಂಬರ್ಧ, ಹಸಿರು ಪೂರ್ತಿ ಗುಣ ಆದವರು. ಇದ್ರಲ್ಲಿ ನಿಮ್ಮ ಡೀಸೆಲ್ಲೂ ಇದೆ ಕಿಟ್ಟಣ್ಣ!" ನಾನು ಹಸಿರನ್ನೇ ನೋಡಿದೆ. ನನ್ನ ತಂಗಿ ಅಲ್ಲಿದ್ದಳು. ಪಾಕನ್ನು ತಿನ್ನದೆ ಸುತ್ತಿ ಜೇಬಿಗೆ ಹಾಕಿಕೊಂಡು ಸಂಜೆ ಅವಳಿಗೇ ಕೊಟ್ಟೆ.

"ಏನಣ್ಣ ಸಿಹಿ?"

"ನಮ್ ಡಾಕ್ಟ್ರು ಪೇಪರು ಬಂತು ಕಣಮ್ಮಿ."

"ಏನ್ ಬರ್ದವ್ರೆ?"

"ಬಾಳ ಜನಕ್ಕೆ ವಾಸಿ ಆಯ್ತು ಅಂತ."

ಅವಳು ಪಾಕನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. "ಎಲ್ಲಾರ್ಗೂ ವಾಸಿ ಆಯ್ತು ಅಂದ್ರೆ ನಾನೇ ಸೋಮಾರಿ ಇರ್ಬೇಕು ಬುಡು. ಸಾಲೆ ಕೆಲಸ ಬುಟ್ಬುಡ್ತೀನಿ ಕಣಣ್ಣ. ಬೇರೆಯೋರ್ನ ನೋಡ್ಕೊಳಿ ಅಂತ ಹೆಡ್‌ಮೇಡಂಗೆ ಯೋಳ್ತೀನಿ. ಮಕ್ಳು ಹಸ್ಕೊಂಡ್ ಏಳಬಾರ್ದು."

ಅವಳು ತಮಾಷೆ ಮಾಡುತ್ತಿರಲಿಲ್ಲ. ನಾನು ಅಷ್ಟು ದಿನ ಅಂದದ್ದನ್ನು ಅವಳು ನಂಬಿದ್ದಳು. ಈಗ ಪೇಪರೂ ನನ್ನ ಕಡೆ ಸಾಕ್ಷಿ ಹೇಳಿತ್ತು.

ಅಷ್ಟೊತ್ತಿಗೆ ನನ್ನ ನಿವೃತ್ತಿ ಬಂತು. ಹಾರ, ಶಾಲು ಎಲ್ಲ ಆಯಿತು. ಅದಾದ ಮಾರನೆಯ ವಾರ ನಾನು ಬಸ್ಸು ಹಿಡಿದು ವಸುಧಾ ಮೇಡಂ ಕೊಠಡಿಗೆ ಹೋದೆ. ಕೆಲಸದಲ್ಲಿದ್ದಾಗ ಯಾಕೆ ಹೋಗಲಿಲ್ಲ ಎಂದು ಕೇಳಬೇಡಿ, ಉತ್ತರ ನಿಮಗೂ ಗೊತ್ತು.

"ಮೇಡಂ, ಪೇಪರಲ್ಲಿ ಒಂದು ತಪ್ಪದೆ."

ಅವರು ಗಾಬರಿಯಿಂದ ಕನ್ನಡಕ ಹಾಕಿಕೊಂಡರು. "ಯಾವ ಪುಟದಲ್ಲಿ ಕಿಟ್ಟಣ್ಣ?"

"ಪುಟ ಗೊತ್ತಿಲ್ಲ. ಹಸಿರು ಭಾಗದಲ್ಲಿ."

ಎಲ್ಲ ಹೇಳಿದೆ. ಬಸ್ಸಾರಿನಿಂದ ಮೈಸೂರುಪಾಕಿನವರೆಗೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಒಬ್ಬರು ಈ ಕಡೆಯಿಂದ ಆ ಕಡೆ ಹೋದ್ರೆ ಪೇಪರಿಗೆ ಏನೂ ಆಗಲ್ಲ" ಎಂದರು. ನಾನು ಉಸಿರು ಬಿಟ್ಟೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಎಷ್ಟು ಜನ ಅಣ್ಣಂದಿರು ಫೋನ್ ಎತ್ತಿದ್ರೋ ಅನ್ನೋದೇ ಭಯ" ಎಂದರು. "ಎಲ್ಲರನ್ನೂ ಇನ್ನೊಂದ್ಸಲ ಕೇಳ್ಬೇಕು. ಪೇಪರಿಗೆ ತಿದ್ದುಪಡಿನೂ ಕಳಿಸ್ಬೇಕು. ಅದು ನನ್ನ ಕೆಲಸ. ನಿಮ್ಮ ತಂಗಿಗೆ ಹೇಳಿದ್ರಾ?"

"ಇಲ್ಲ ಮೇಡಂ."

"ನನಗಿಂತ ಮೊದಲು ಅಲ್ಲಿಗೆ ಹೋಗ್ಬೇಕಿತ್ತು. ಹೋಗಿ ಹೇಳಿ. ಆಮೇಲೆ ನಾನು ಬರ್ತೀನಿ."

ಅಲ್ಲಿಂದ ಹತ್ತಿದ ಬಸ್ಸಿನಲ್ಲಿ ತಂಗಿಯ ಊರು ಬೇಗ ಬಂದುಬಿಟ್ಟಿತು. ಚೆಲುವಮ್ಮ ಪಡಸಾಲೆಯಲ್ಲಿ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯತೊಡಗಿದೆ. ಕಾಯಿಲೆ ತಂದುಕೊಟ್ಟವನು ನಾನು ಎಂದು ಮೊದಲು ಹೇಳಿದೆ.

"ಅದು ನಂಗ್ ಗೊತ್ತಿಲ್ವಾ?" ಎಂದಳು ಕೈ ನಿಲ್ಲಿಸದೆ. "ಒಳಕ್ ಬಾ ಅಂದೋಳು ನಾನಲ್ವಾ. ಇನ್ನೊಂದ್ ಮುದ್ದೆ ಇಕ್ದೋಳೂ ನಾನೆ. ಅದ್ಕೆಲ್ಲ ಯಾರಾದ್ರೂ ಕೊರಗ್ತಾರಾ?"

ಆಮೇಲೆ ಫೋನಿನ ವಿಷಯ ಹೇಳಿದೆ. ಆಗ ಕೈ ನಿಂತಿತು.

"ಕೇಳುದ್ರಾ? ನನ್ನ ಕೇಳಾಕೆ ಫೋನ್ ಮಾಡಿದ್ರಾ?"

"ಮಾಡಿದ್ರು."

"ಎಂಗವ್ಳೆ ಅಂದೆ?"

"ಚೆನ್ನಾಗವ್ಳೆ ಅಂದೆ."

"ಮರೆವು?"

"ಉಟ್ದಾಗಿಂದ ಅದೆ ಅಂದೆ."

ಅವಳು ನನ್ನನ್ನೇ ನೋಡಿದಳು. ನಗು ಬಂದಂತೆ ಕಂಡಿತು, ಬಂದದ್ದು ನಗುವಲ್ಲ. "ನಂಗೇ ತಲೆ ಕೆಟ್ಟದೆ ಅಂದ್ಕೊಂಡಿದ್ದೆ ಕಣಣ್ಣ" ಎಂದಳು. "ಒಲೆ ಮುಂದೆ ನಿಂತ್ಕೊಂಡು, ಉಪ್ಪಾಕ್ದ್ನಾ ಇಲ್ವಾ ಅಂತ ಅಳ್ತಿದ್ದೆ. ಸೋಮಾರಿ ಅಲ್ಲ ಅಂತ ಒಬ್ರು ಯೋಳಿದ್ರೆ ಸಾಕಾಗಿತ್ತು. ನಿಂಗೊತ್ತಿತ್ತು. ಜೀಪಲ್ ಕುಂತ್ಕೊಂಡ್ ಎಲ್ಲಾನೂ ಕೇಳ್ಕೊಂಡಿದ್ದೆ ನೀನು."

ಕ್ಷಮಿಸು ಎನ್ನುವ ಮಾತು ನಮ್ಮ ಮನೆಗಳಲ್ಲಿ ಬಳಕೆಯಲ್ಲಿಲ್ಲ. ನಾನು ಅವರೆಕಾಯಿ ಸುಲಿದೆ. ಅವಳೆದ್ದು ಒಳಗೆ ಹೋದಳು. ಊಟಕ್ಕೆ ಕರೆಯಲಿಲ್ಲ. ಅವಳ ಮನೆಯಿಂದ ಹಸಿದುಕೊಂಡು ಬಂದದ್ದು ಅದೇ ಮೊದಲು.

ಮೇಡಂ ಮಾತಿಗೆ ತಪ್ಪದೆ ಬಂದರು. ಬರುವ ದಿನ ನನಗೂ ತಿಳಿಸಿದ್ದರು. ನಾನು ಮುಂಚೆಯೇ ಹೋಗಿ ಪಡಸಾಲೆಯ ಮೂಲೆಯಲ್ಲಿ ಕೂತಿದ್ದೆ. ಚೆಲುವಮ್ಮ ಯಾಕೆ ಬಂದೆ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮೇಡಂ ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದರು: "ಅಡುಗೆಮನೇಲಿ ಸಾರು ಮಾಡುವಾಗ ಈಗ ಎಲ್ಲೆಲ್ಲಿ ಕೂತ್ಕೋಬೇಕು ಅನ್ಸುತ್ತೆ ಚೆಲುವಮ್ಮ?"

"ಕಾಯಿ ರುಬ್ಬೋ ಹೊತ್ಗೆಲ್ಲ ಅವ್ಳು..." ಎಂದೆ ನಾನು.

ಬಾಯಿಗೆ ಬಂದೇಬಿಟ್ಟಿತ್ತು. ಮೇಡಂ ನನ್ನ ಕಡೆ ನೋಡಲಿಲ್ಲ. ಚೆಲುವಮ್ಮ ನೋಡಿದಳು.

"ಅಣ್ಣ, ಎದ್ದು ಆಚಿಕೋಗು."

ಎದ್ದು ಬಂದೆ. ಅವಳೇ ಬಾಗಿಲು ಮುಂದಕ್ಕೆಳೆದಳು. ಬೀದಿಯಲ್ಲಿ ಜೀಪಿತ್ತು. ನನ್ನ ಜಾಗಕ್ಕೆ ಬಂದಿರುವ ಸಿದ್ದರಾಜು ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದ. ನಾನು ಪಕ್ಕದಲ್ಲಿ ನಿಂತೆ. ಒಳಗಿನಿಂದ ಅವಳ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ತುಂಬ ಹೊತ್ತು ಮಾತಾಡಿದಳು. ನಡುವೆ ನಿಲ್ಲಿಸುತ್ತಿದ್ದಳು, ಮತ್ತೆ ಶುರು ಮಾಡುತ್ತಿದ್ದಳು. ನ್ಯಾಯ ಕೇಳುವವರ ದನಿಯಾಗಿರಲಿಲ್ಲ ಅದು, ಲೋಕಾಭಿರಾಮದ ದನಿಯೂ ಅಲ್ಲ. ಒಂದು ಸಲ ಮೇಡಂ ನಕ್ಕದ್ದು ಕೇಳಿತು. ಮುಂದೆ ಶಾಲೆಯ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹೆಡ್‌ಮೇಡಂ ಹತ್ತಿರ ಮಾತಾಡುತ್ತೇನೆ ಎಂದು ವಸುಧಾ ಮೇಡಂ ಹೇಳಿದ್ದಾರೆ, ನಡುವೆ ಕೂರಲು ಒಂದು ಸ್ಟೂಲು, ಜೊತೆಗೊಬ್ಬರು ಸಹಾಯಕ್ಕೆ ಎಂದು. ಏನು ಬೇಕೆಂದು ಹೇಳಬೇಕಾದವಳೂ ಚೆಲುವಮ್ಮನೇ.

ಸಿದ್ದರಾಜು ಬೀಡಿ ಹಚ್ಚಿ ನನ್ನ ಕಡೆ ತಿರುಗಿದ.

"ನಿಮ್ ತಂಗಿ ಮನೆ ಅಂತಲ್ಲಣ್ಣ ಇದು. ಎಂಗವ್ರೆ ಈಗ ಅವ್ರು?"

"ಒಳಗವ್ಳೆ ಕಣಪ್ಪ" ಎಂದೆ. "ಆಚೆ ಬಂದ್ಮೇಲೆ ಅವ್ಳನ್ನೇ ಕೇಳು."